ಒಡೆದ ದನಿಗೊಂದು ಹಾಡು

ಗಣಪತಿ ಹಬ್ಬ ಬಂತೆಂದರೆ ನಮ್ಮ ಬಡಾವಣೆಯಲ್ಲಿ ಈಗ ಕರೋಕೆ ಸ್ಪರ್ಧೆ ಇರಲೇಬೇಕು. ಮೊದಲೆಲ್ಲ ರಂಗೋಲಿ, ಸಂಗೀತ ಕುರ್ಚಿ, ಚಮಚ ಮತ್ತು ನಿಂಬೆಹಣ್ಣಿನ ಓಟ, ಇಷ್ಟರಲ್ಲೇ ನಮ್ಮ ಸಂಭ್ರಮ ಮುಗಿಯುತ್ತಿತ್ತು. ಈಗ ಪೆಂಡಾಲಿನ ಎರಡೂ ಬದಿಗೆ ಆಳೆತ್ತರದ ಸ್ಪೀಕರು, ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತ ಹುಡುಗ, ಹಾಡಿನ ಹೆಸರು ಬರೆದ ಚೀಟಿ ಹಿಡಿದು ಸಾಲಾಗಿ ನಿಂತ ಮಕ್ಕಳು, ಅವರ ಹಿಂದೆ ಅವರಿಗಿಂತ ಹೆಚ್ಚು ಬೆವರುತ್ತಿರುವ ತಾಯಂದಿರು. ಎರಡು ವರ್ಷದಿಂದ ನನ್ನನ್ನೂ ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸುತ್ತಿದ್ದಾರೆ. ನನ್ನ ಅರ್ಹತೆಗಳು ಎರಡೇ. ಎಂದೋ ಒಂದು ಕಾಲದಲ್ಲಿ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೇನೆ. ಮತ್ತು ಯಾರಾದರೂ ಕರೆದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ.

ನಮ್ಮ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ನಾಲ್ಕು ಕಲಂ: ಶ್ರುತಿ, ತಾಳ, ಭಾವ, ಮೂಲ ಹಾಡಿಗೆ ಹೋಲಿಕೆ. ಮೊದಲ ಮೂರರ ಬಗ್ಗೆ ನನ್ನ ತಕರಾರಿಲ್ಲ. ಆ ನಾಲ್ಕನೆಯದು ಮಾತ್ರ ಮೊದಲ ವರ್ಷವೇ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಆ ಮೊದಲ ವರ್ಷ ಹಾಡಲು ಬಂದವರಲ್ಲಿ ನನ್ನ ತಮ್ಮನ ಮಗನೂ ಇದ್ದ. ಎಂಟನೆಯ ಕ್ಲಾಸು. ಚಿಕ್ಕವನಿದ್ದಾಗ ‘ಭಾಗ್ಯವಂತ’ (1981) ಚಿತ್ರದಲ್ಲಿ ಬಾಲಕ ಪುನೀತ್ ತಾನೇ ಹಾಡಿದ ಆ ಸೂರ್ಯ ಚಂದ್ರರ ಹಾಡನ್ನು ಹಾಡಿ ಸ್ಟೀಲು ಡಬ್ಬಿ ಬಹುಮಾನ ಗೆದ್ದು ತಂದವನು. ಈ ಸಲ ದೊಡ್ಡವನಾದೆ ಎಂಬ ಗತ್ತಿನಲ್ಲಿ ‘ರಾಜಕುಮಾರ’ (2017) ಚಿತ್ರದ ಬೊಂಬೆಯ ಹಾಡಿನ ಚೀಟಿ ಕೊಟ್ಟಿದ್ದ. ವಿಜಯ ಪ್ರಕಾಶ್ ಹಾಡಿದ ಆ ಹಾಡು ಬಾರದ ಗಣಪತಿ ಪೆಂಡಾಲು ಕರ್ನಾಟಕದಲ್ಲಿದೆಯೇ? ಪಲ್ಲವಿ ಹೇಗೋ ದಾಟಿತು. ಮೇಲೆ ಏರುವ ಕಡೆ ಬಂದಾಗ ಹುಡುಗನ ದನಿ ಏರಿತು, ನಿಂತಿತು, ಹಸಿ ಕಟ್ಟಿಗೆ ಸೀಳಿದ ಹಾಗೆ ಎರಡಾಯಿತು. ಒಂದು ಚೂರು ಮೇಲೆ ಕೀರಲಾಗಿ ಹೋಯಿತು, ಇನ್ನೊಂದು ಕೆಳಗೆ ಗೊಗ್ಗರಾಗಿ ಬಿತ್ತು. ಅವನ ಕ್ಲಾಸಿನ ಹುಡುಗರು ಮೊದಲು ನಕ್ಕರು. ಆಮೇಲೆ ದೊಡ್ಡವರೂ ನಕ್ಕರು. ಟ್ರ್ಯಾಕ್ ಮಾತ್ರ ಯಾರ ಹಂಗೂ ಇಲ್ಲದೆ ಮುಂದೆ ಓಡುತ್ತಲೇ ಇತ್ತು. ಕರೋಕೆಯ ಕ್ರೌರ್ಯ ಅದೇ ನೋಡಿ. ಪಕ್ಕವಾದ್ಯದವರಾದರೆ ಹುಡುಗನ ಮುಖ ನೋಡಿ ಒಂದು ಆವರ್ತ ತಡೆಯುತ್ತಾರೆ, ಶ್ರುತಿ ಇಳಿಸುತ್ತಾರೆ, ಕಡೇಪಕ್ಷ ಕಣ್ಣಲ್ಲೇ ಧೈರ್ಯ ಹೇಳುತ್ತಾರೆ. ಯಂತ್ರಕ್ಕೆ ಕಣ್ಣೆಲ್ಲಿ?

ಮೈಕು ಕೆಳಗಿಟ್ಟು ಮನೆಗೆ ಹೋದವನು ರಾತ್ರಿ ಊಟಕ್ಕೂ ಏಳಲಿಲ್ಲ. ಮರುದಿನ ನಾನು ಹೋದಾಗ, “ಅತ್ತೆ, ನಾನು ಇನ್ನು ಹಾಡಲ್ಲ” ಎಂದ. ಸಿಟ್ಟಿಲ್ಲ, ಅಳುವಿಲ್ಲ, ನಾಳೆಯಿಂದ ಹಾಲು ಬೇಡ ಅಂದಷ್ಟು ಸಲೀಸಾಗಿ.

ನನಗೆ ಎದೆ ಧಸಕ್ಕೆಂದದ್ದು ಆಗಲೇ. ಏಕೆಂದರೆ ಈ ಮಾತನ್ನು ನಾನು ಇದೇ ಮನೆಯಲ್ಲಿ ಮೊದಲೊಮ್ಮೆ ಕೇಳಿದ್ದೆ. ನನ್ನ ತಮ್ಮ, ಅಂದರೆ ಈ ಹುಡುಗನ ಅಪ್ಪ, ಏಳನೆಯ ಕ್ಲಾಸಿನವರೆಗೆ ಬೀದಿಗೆಲ್ಲ ಕೇಳುವಂತೆ ಹಾಡುತ್ತಿದ್ದ. ಭದ್ರಾವತಿ ಆಕಾಶವಾಣಿಯಿಂದ ಚಿತ್ರಗೀತೆ ಬಂದರೆ ರೇಡಿಯೋದವರಿಗಿಂತ ಇವನದೇ ಜೋರು. ಮರುವರ್ಷ ಆಗಸ್ಟ್ ಹದಿನೈದರ ಗುಂಪುಗೀತೆಗೆ ಅಭ್ಯಾಸ ಮಾಡಿಸುವಾಗ ಮೇಷ್ಟರೊಬ್ಬರು, “ನೀನು ಬರೀ ಬಾಯಿ ಆಡಿಸು, ದನಿ ತೆಗೀಬೇಡ” ಎಂದರಂತೆ. ಅವರು ಕೆಟ್ಟವರೇನಲ್ಲ. ಹಾಡು ಕೆಡಬಾರದೆಂಬುದಷ್ಟೇ ಅವರ ಉದ್ದೇಶ. ತಮ್ಮ ಮಾತ್ರ ಅಂದಿನಿಂದ ಇಂದಿನವರೆಗೂ ಬಾಯಿ ಆಡಿಸುತ್ತಲೇ ಇದ್ದಾನೆ. ಮನೆಯಲ್ಲಿ ಮಂಗಳಾರತಿಯ ಹೊತ್ತಿಗೆ ನಾವೆಲ್ಲ ಹಾಡುವಾಗ ಗಮನಿಸಿದ್ದೇನೆ: ತುಟಿ ಅಲ್ಲಾಡುತ್ತದೆ, ದನಿ ಇಲ್ಲ. ಐವತ್ತು ದಾಟಿದ ಗಂಡಸು, ಕೈಯಲ್ಲಿ ಗಂಟೆ ಹಿಡಿದು, ಎಂಟನೆಯ ಕ್ಲಾಸಿನ ಆಜ್ಞೆಯನ್ನು ಇನ್ನೂ ಪಾಲಿಸುತ್ತಿದ್ದಾನೆ.

ಹುಡುಗರ ಗಂಟಲು ಒಡೆಯುವುದು ನಮಗೆಲ್ಲ ಗೊತ್ತಿರುವ ಸಂಗತಿ. ಮೀಸೆ ಚಿಗುರುವ ಹೊತ್ತಿಗೆ ಗಂಟಲಮಣಿ ಎದ್ದು ಕಾಣುತ್ತದೆ, ‘ಮಾವಿನಕಾಯಿ ನುಂಗಿದ್ದೀಯೇನೋ’ ಎಂದು ಅಜ್ಜಿಯರು ಹಾಸ್ಯ ಮಾಡುತ್ತಾರೆ. ಒಳಗೆ ಆಗುವುದಿಷ್ಟು: ಸುಮಾರು ಹನ್ನೆರಡರಿಂದ ಹದಿನೈದರೊಳಗೆ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಅದರೊಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ತಂತಿ ಉದ್ದವಾದರೆ ಸ್ವರ ಇಳಿಯುತ್ತದೆ ಎಂಬುದು ವೀಣೆ ಮುಟ್ಟಿದವರಿಗೆಲ್ಲ ತಿಳಿದದ್ದೇ. ಎಲ್ಲ ಮುಗಿಯುವ ಹೊತ್ತಿಗೆ ಹುಡುಗನ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿದಿರುತ್ತದೆ. ಆದರೆ ಇದು ಲಿಫ್ಟಿನಲ್ಲಿ ಇಳಿದಂತೆ ಅಲ್ಲ. ಮಳೆಗಾಲದಲ್ಲಿ ಘಟ್ಟ ಇಳಿದಂತೆ. 1970ರ ದಶಕದಲ್ಲಿ ಅಮೆರಿಕದ ಜಾನ್ ಕುಕ್ಸಿ ಎಂಬ ಸಂಗೀತ ಶಿಕ್ಷಕರು ಈ ಇಳಿತವನ್ನು ಹಂತಹಂತವಾಗಿ ಗುರುತಿಸಿ ಬರೆದರು. ಅದರಲ್ಲಿ ನಾವು ತಿಳಿಯಬೇಕಾದ ಮಾತೆಂದರೆ, ನಡುವಿನ ಒಂದು ಘಟ್ಟದಲ್ಲಿ ಹುಡುಗನಿಗೆ ಮೇಲಿನ ಸ್ವರಗಳು ಹೋಗಿರುತ್ತವೆ, ಕೆಳಗಿನವು ಇನ್ನೂ ಬಂದಿರುವುದಿಲ್ಲ. ಕೈಯಲ್ಲಿ ಉಳಿಯುವುದು ಒಂದು ಸ್ಥಾಯಿಯಷ್ಟು ಜಾಗ, ಕೆಲವರಿಗೆ ಅದಕ್ಕಿಂತಲೂ ಕಡಿಮೆ. ಹಳೆಯ ಮನೆ ಖಾಲಿ ಮಾಡಿ ಹೊಸ ಮನೆಯ ಕೀಲಿ ಸಿಗದೆ ಸಾಮಾನಿನೊಂದಿಗೆ ಜಗುಲಿಯ ಮೇಲೆ ಕುಳಿತವರ ಸ್ಥಿತಿ.

ಈಗ ಆ ಮಗು ಹಾಡಲು ನಮ್ಮಲ್ಲಿ ಯಾವ ಹಾಡಿದೆ, ಹೇಳಿ. ನಮ್ಮ ಸಿನಿಮಾಗಳನ್ನೇ ನೋಡಿ. ಚಿಕ್ಕ ಮಕ್ಕಳ ಹಾಡುಗಳಿವೆ. ಅವುಗಳಲ್ಲಿ ಎಷ್ಟನ್ನೋ ಎಸ್. ಜಾನಕಿಯಂಥವರು ಎಳೆಯ ದನಿ ಮಾಡಿಕೊಂಡು ಹಾಡಿದ್ದಾರೆ. ಆಮೇಲೆ ಎಲ್ಲವೂ ಪ್ರಾಯದವರ ಹಾಡೇ. ಮಧ್ಯದವನಿಗೆ ಏನೂ ಇಲ್ಲ. ಅವನ ಪಾಲಿಗೆ ನಮ್ಮ ನಿರ್ದೇಶಕರು ಕಂಡುಹಿಡಿದ ಉಪಾಯ ನಿಮಗೆ ನೆನಪಿರಬಹುದು: ಚಡ್ಡಿ ಹಾಕಿದ ಹುಡುಗ ಓಡುತ್ತಾನೆ, ಕ್ಯಾಮೆರಾ ಅವನ ಕಾಲಿಗೆ ಹೋಗುತ್ತದೆ, ಅಥವಾ ಸೈಕಲ್ಲಿನ ಚಕ್ರ ಗಿರಗಿರ ತಿರುಗುತ್ತದೆ, ಹಿನ್ನೆಲೆಯಲ್ಲಿ ಪಿಟೀಲುಗಳು ಒಂದು ಸುತ್ತು ಮೊಳಗುತ್ತವೆ, ಮತ್ತೆ ಕ್ಯಾಮೆರಾ ಮೇಲೆ ಬಂದಾಗ ಹೀರೋ ನಿಂತಿರುತ್ತಾನೆ, ಗಂಟಲಲ್ಲಿ ಪಕ್ವವಾದ ದನಿಯೊಂದಿಗೆ! ಗಂಟಲು ಒಡೆಯುವ ಎರಡು ವರ್ಷಗಳನ್ನು ನಮ್ಮ ಚಿತ್ರರಂಗ ಪಿಟೀಲಿನ ಸದ್ದಿನಲ್ಲಿ ನುಂಗಿಹಾಕಿದೆ. ಪುನೀತ್ ಅವರನ್ನೇ ತೆಗೆದುಕೊಳ್ಳಿ. ಎಳೆಯ ದನಿಯಲ್ಲಿ ಹಾಡಿದ್ದು ನಮ್ಮ ಬಳಿ ಇದೆ, ‘ಅಪ್ಪು’ (2002) ಚಿತ್ರದಲ್ಲಿ ನಾಯಕನಾಗಿ ಬಂದು ಗಂಡಸಿನ ದನಿಯಲ್ಲಿ ಹಾಡಿದ್ದೂ ಇದೆ. ನನ್ನ ಸೋದರಳಿಯ ಒಂದು ದಡದಿಂದ ಇನ್ನೊಂದಕ್ಕೆ ಒಂದೇ ನೆಗೆತಕ್ಕೆ ಹಾರಲು ಹೋಗಿ ನೀರಿಗೆ ಬಿದ್ದ.

ಬಿದ್ದದ್ದು ಅವನ ತಪ್ಪೇ? ನನ್ನ ಮಟ್ಟಿಗೆ ಅಲ್ಲ. ಟ್ರ್ಯಾಕ್ ಹಾಕಿದ ನಮ್ಮ ತಪ್ಪು. ಮತ್ತು ಆ ನಾಲ್ಕನೆಯ ಕಲಂನ ತಪ್ಪು.

ಈ ಕರೋಕೆ ಹುಟ್ಟಿದ ಕತೆ ಗೊತ್ತಾದ ಮೇಲಂತೂ ನನ್ನ ಸಿಟ್ಟು ಇಮ್ಮಡಿಸಿತು. ಜಪಾನಿನ ಕೋಬೆ ಪಟ್ಟಣದಲ್ಲಿ ದೈಸುಕೆ ಇನೋವೆ ಎಂಬ ವಾದ್ಯಗಾರರಿದ್ದರು. ಪಾನಗೃಹಗಳಲ್ಲಿ ಗಿರಾಕಿಗಳು ಹಾಡಿದರೆ ಪಕ್ಕವಾದ್ಯ ನುಡಿಸುವುದು ಅವರ ಕಸುಬು. ಅಷ್ಟೇನೂ ಚೆನ್ನಾಗಿ ಹಾಡಲು ಬಾರದ ಒಬ್ಬ ಸಾಹುಕಾರ, ತನ್ನ ದನಿಯ ಏರಿಳಿತಕ್ಕೆ ಇನೋವೆ ಹೊಂದಿಸಿ ನುಡಿಸುವ ರೀತಿಯನ್ನು ಮೆಚ್ಚಿ, ಬಿಸಿನೀರಿನ ಬುಗ್ಗೆಯ ಪ್ರವಾಸಕ್ಕೆ ತನ್ನ ಜೊತೆ ಬಾ ಎಂದನಂತೆ. ಇವರಿಗೆ ಹೋಗಲಾಗಲಿಲ್ಲ. ಬದಲಿಗೆ ಅವನ ಗಂಟಲಿಗೆ ಸರಿಹೊಂದುವಂತೆ ನುಡಿಸಿ ಟೇಪು ಮಾಡಿ ಕೊಟ್ಟರು. ಅಲ್ಲಿಂದ ಹೊಳೆದ ಯೋಚನೆಯೇ 1971ರಲ್ಲಿ ಅವರು ಮಾಡಿಸಿದ ಹನ್ನೊಂದು ಯಂತ್ರಗಳು. ಪೇಟೆಂಟೂ ಮಾಡಿಸಿಕೊಳ್ಳಲಿಲ್ಲ ಪುಣ್ಯಾತ್ಮ. ‘ಕರ’ ಎಂದರೆ ಖಾಲಿ, ‘ಒಕೆ’ ಎಂಬುದು ಆರ್ಕೆಸ್ಟ್ರಾ ಎಂಬುದರ ಮೊಟಕು ರೂಪ. ಹಾಡುಗಾರನಿಗಾಗಿ ಖಾಲಿ ಬಿಟ್ಟ ಜಾಗ! ಬಾರದವನ ಗಂಟಲಿಗೆ ಬಾಗಿದ್ದರಿಂದಲೇ ಹುಟ್ಟಿದ ವಿದ್ಯೆಯನ್ನು ನಾವು ಹುಡುಗರನ್ನು ಬಗ್ಗಿಸಲು ಬಳಸುತ್ತಿದ್ದೇವೆ.

ಬಾಗಿಸುವ ಅನುಕೂಲ ಈಗಲೂ ಇದೆ. ಮೊಬೈಲಿನಲ್ಲೂ ಲ್ಯಾಪ್‌ಟಾಪಿನಲ್ಲೂ ಟ್ರ್ಯಾಕಿನ ಶ್ರುತಿ ಏರಿಸಲು, ಇಳಿಸಲು ಕೂಡುವ ಕಳೆಯುವ ಗುರುತುಗಳಿರುತ್ತವೆ. ಒಂದು ಸಲ ಒತ್ತಿದರೆ ಹಾರ್ಮೋನಿಯಂನಲ್ಲಿ ಪಕ್ಕದ ಪಟ್ಟಿಗೆ ಸರಿದಂತೆ. ಕಪ್ಪು ಬಿಳಿ ಎರಡೂ ಲೆಕ್ಕಕ್ಕೆ. ಹನ್ನೆರಡು ಒತ್ತಿದರೆ ಒಂದು ಸ್ಥಾಯಿ. ನಮ್ಮ ಪೆಂಡಾಲಿನ ಹುಡುಗನಿಗೆ ಇದು ಚೆನ್ನಾಗಿ ಗೊತ್ತಿತ್ತು. “ಮತ್ತೆ ಯಾಕೆ ಇಳಿಸಲಿಲ್ಲ?” ಎಂದು ಕೇಳಿದರೆ, “ಒರಿಜಿನಲ್ ಸ್ಕೇಲಿನಲ್ಲಿ ಹಾಡಿದರೇ ಮಾರ್ಕು ಅಲ್ವಾ ಮೇಡಂ?” ಎಂದ. ಹಾಳೆ ನನ್ನ ಕೈಯಲ್ಲೇ ಇತ್ತು. ನಾನೇನು ಹೇಳಲಿ?

ಆ ಮೇಲೆ ಒಂದು ವರ್ಷ ನಾನು ಹಾಡುಗಳನ್ನು ಕೇಳಿದ ಬಗೆಯೇ ಬೇರೆ. ಒಗ್ಗರಣೆ ಹಾಕುವಾಗಲೂ, ಬಟ್ಟೆ ಮಡಿಸುವಾಗಲೂ, ಈ ಹಾಡು ಎಲ್ಲಿ ಶುರುವಾಗುತ್ತದೆ, ಎಷ್ಟು ಮೇಲೆ ಹೋಗುತ್ತದೆ, ಉಸಿರಿಗೆ ಎಡೆ ಎಲ್ಲಿ ಎಂಬುದೇ ಲೆಕ್ಕ. ಕೇಳುವಾಗ ಸುಲಭ ಅನ್ನಿಸುವ ಹಾಡು ಹಾಡುವಾಗ ಸುಲಭವಿರುವುದಿಲ್ಲ ಎಂಬುದು ಮೊದಲು ತಿಳಿಯಿತು. ‘ಮುಂಗಾರು ಮಳೆ’ (2006) ಚಿತ್ರದಲ್ಲಿ ಸೋನು ನಿಗಮ್ ಹಾಡಿದ್ದನ್ನು ನಮ್ಮ ಹುಡುಗರು ಮೆತ್ತನೆಯ ಹಾಡು ಎಂದು ಆರಿಸಿಕೊಳ್ಳುತ್ತಾರೆ. ಮೆತ್ತಗೆ ಎಳೆದು ನಿಲ್ಲಿಸುವುದೇ ಒಡೆದ ಗಂಟಲಿಗೆ ಅತಿ ಕಷ್ಟದ ಕೆಲಸ. ಉದ್ದ ಸ್ವರದ ಮೇಲೆ ನಿಂತಾಗಲೇ ದನಿ ನಡುಗಿ ಜಾರುವುದು. ತುಂಡು ತುಂಡು ಸಾಲಿನ, ಸ್ವಲ್ಪ ನಡೆ ಇರುವ ಹಾಡಾದರೆ ಬಿರುಕು ಬಿಟ್ಟರೂ ಮುಂದಿನ ಹೆಜ್ಜೆಗೆ ಸಾವರಿಸಿಕೊಳ್ಳಬಹುದು.

ಈ ದೃಷ್ಟಿಯಿಂದ ನನಗೆ ದೊಡ್ಡ ಆಸರೆಯಾಗಿ ಸಿಕ್ಕಿದವರು ಪಿ. ಬಿ. ಶ್ರೀನಿವಾಸ್. ಅವರ ಹಾಡುಗಳಲ್ಲಿ ಗಂಟಲು ಹಿಂಡಿ ಏರಬೇಕಾದ ಜಾಗ ಕಡಿಮೆ. ಮಾತು ಎಷ್ಟು ಎತ್ತರದಲ್ಲಿದೆಯೋ ಹಾಡೂ ಅಲ್ಲೇ ಸುತ್ತಾಡುತ್ತದೆ. ‘ಬಂಗಾರದ ಮನುಷ್ಯ’ (1972) ಚಿತ್ರದ ಆ ನಗುವಿನ ಹಾಡನ್ನು ತೆಗೆದುಕೊಳ್ಳಿ. ಬಾಲ್ಯ, ಪ್ರಾಯ, ಮುಪ್ಪು ಎಲ್ಲ ಬಂದು ಹೋಗುವ ಹಾಡು. ಹದಿಮೂರರವನ ಬಾಯಲ್ಲಿ ಅಸಹ್ಯವಾಗುವ ಒಂದು ಶಬ್ದವಿಲ್ಲ, ಐವತ್ತರವನ ಬಾಯಲ್ಲಿ ಎಳಸು ಅನ್ನಿಸುವ ಶಬ್ದವೂ ಇಲ್ಲ. ಇನ್ನು ‘ಸಂಪತ್ತಿಗೆ ಸವಾಲ್’ (1974) ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕುಳಿತು ತಾವೇ ಹಾಡಿದ ಹಾಡು. ಆ ಹಾಡಿನ ನಂತರವೇ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು. ಎಮ್ಮೆ ಹಾಡು ಮೂಲದ ಶ್ರುತಿಯಲ್ಲಿ ಹುಡುಗರಿಗೆ ಎತ್ತರವೇ. ಆದರೆ ಮೂರು ಮೆಟ್ಟಿಲು ಇಳಿಸಿಕೊಂಡರೆ ಅಷ್ಟು ಉದಾರವಾದ ಹಾಡು ಬೇರೆ ಇಲ್ಲ. ದನಿ ಒಡೆದರೂ ಎಮ್ಮೆ ಮೇಲಿನವನ ತುಂಟತನವೆಂದೇ ಜನ ನಕ್ಕು ಬಿಡುತ್ತಾರೆ. ಹುಡುಗನೂ ಅವರ ಜೊತೆ ನಗಬಹುದು. ಅರಚಲು ಮಾತ್ರ ಬಿಡಬಾರದು.

ಭಾವಗೀತೆಗಳ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸಿ. ಅಶ್ವಥ್ ಮತ್ತು ನಮ್ಮೂರಿನ ಹೆಸರನ್ನೇ ಹೊತ್ತ ಶಿವಮೊಗ್ಗ ಸುಬ್ಬಣ್ಣ ಕ್ಯಾಸೆಟ್ ಕಾಲದಲ್ಲಿ ಶಿಶುನಾಳ ಷರೀಫರನ್ನು ಮನೆಮನೆಗೆ ಮುಟ್ಟಿಸಿದ ಉಪಕಾರ ದೊಡ್ಡದು. ಅಶ್ವಥ್ ಅವರು ತಾರಸ್ಥಾಯಿಗೆ ಏರಿ ಹಾಡಿದಾಗ ನನಗೂ ಮೈ ಜುಮ್ಮೆಂದಿದೆ. ಆದರೆ ಆ ಏರು ಅಶ್ವಥ್ ಅವರ ಗಂಟಲಿನದು, ಷರೀಫರ ಪದದ ಒಡಲಿನದಲ್ಲ. ಅದೇ ತತ್ವಪದವನ್ನು ಏಕತಾರಿ ಹಿಡಿದ ಭಜನೆಯವರು ಹಾಡುವುದನ್ನು ಕೇಳಿ: ಐದಾರು ಸ್ವರದೊಳಗೆ, ಪಲ್ಲವಿ ಮತ್ತೆ ಮತ್ತೆ ಬರುತ್ತಾ, ಒಬ್ಬನಿಗೆ ಉಸಿರು ಸಾಲದಾಗ ಇನ್ನೊಬ್ಬ ಎತ್ತಿಕೊಳ್ಳುತ್ತಾ ಸಾಗುತ್ತದೆ. ಒಡೆದ ಗಂಟಲಿಗೆ ಬೇಕಾದದ್ದು ಆ ಷರೀಫ. ಬೀಸುವ ಹಾಡು, ಕುಟ್ಟುವ ಹಾಡುಗಳೂ ಹಾಗೆಯೇ. ಕೈಯಲ್ಲಿ ಗೂಟ ತಿರುಗಿಸುತ್ತಾ ಹಾಡುವ ಹೆಂಗಸಿಗೆ ತಾರಸ್ಥಾಯಿಗೆ ಹೋಗಲು ಉಸಿರೆಲ್ಲಿಂದ ಬರಬೇಕು? ನಾಲ್ಕೈದು ಸ್ವರದಲ್ಲೇ ಇಡೀ ಬಾಳನ್ನು ಹೇಳಿದರು ಅವರು. ಈ ಹಾಡುಗಳಿಗೆ ಟ್ರ್ಯಾಕ್ ಸಿಗುವುದಿಲ್ಲ ಎಂದರೆ ಬರೀ ತಂಬೂರಿಯ ಶ್ರುತಿ ಇಟ್ಟು ಹಾಡಲಿ. ‘ಟ್ರ್ಯಾಕ್ ಕಡ್ಡಾಯ’ ಎಂಬ ನಿಯಮ ಮಾಡಿದವರು ಯಾರೋ.

ಸಾಹಿತ್ಯದ ಬಗ್ಗೆಯೂ ಒಂದು ಮಾತು. ನಮ್ಮ ತಾಯಂದಿರು ಪ್ರೇಮಗೀತೆ ಎಂದೊಡನೆ ಹುಬ್ಬೇರಿಸುತ್ತಾರೆ. ನನಗೆ ಅದರ ಚಿಂತೆಯಿಲ್ಲ. ಹದಿಮೂರರ ಮಗುವಿಗೆ ಪ್ರೀತಿ ಎಂಬ ಶಬ್ದ ನಮ್ಮಿಂದ ತಿಳಿಯಬೇಕಾಗಿಲ್ಲ. ಬಾಟಲಿಯನ್ನು ಹೊಗಳುವ, ಬೇಡ ಎಂದ ಹುಡುಗಿಯ ಹಿಂದೆ ಬೀಳುವುದೇ ಗಂಡಸುತನ ಎನ್ನುವ ಹಾಡುಗಳನ್ನು ‘ಏನೋ ಮಗು ಹಾಡ್ತು’ ಎಂದು ಚಪ್ಪಾಳೆ ತಟ್ಟಿ ಕೂರಿಸುತ್ತಾರಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ಒಡೆಯುತ್ತಿರುವುದು ಗಂಟಲೊಂದೇ ಅಲ್ಲವಲ್ಲ, ಆ ವಯಸ್ಸಿನಲ್ಲಿ.

ಇಷ್ಟೆಲ್ಲ ಹುಡುಗರದೇ ಪುರಾಣವಾಯಿತು. ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ ಎಂದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ಇಳಿಯುವುದು ಎರಡು ಮೂರು ಮೆಟ್ಟಿಲಷ್ಟೇ. ಆದರೆ ಆ ಒಂದೆರಡು ವರ್ಷ ದನಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಸ್ವರ ನಿಲ್ಲುವುದಿಲ್ಲ, ಮೇಲೆ ಹೋದರೆ ಒಡೆದ ಕೊಳಲಿನ ಹಾಗೆ ಉಸ್ಸೆನ್ನುತ್ತದೆ. ನನಗೆ ಹಾಗಾದಾಗ ನಮ್ಮ ಪಾಠದ ಟೀಚರು ನನ್ನ ಬಾಯಿ ಮೂಸಿ ನೋಡಿದರು! “ಹುಣಿಸೆಹಣ್ಣು, ಉಪ್ಪಿನಕಾಯಿ ತಿಂದು ಗಂಟಲು ಕೆಡಿಸ್ಕೊಂಡಿದ್ದೀಯ” ಎಂಬುದು ಅವರ ತೀರ್ಮಾನ. ಅವರದು ಐದೂವರೆ ಮನೆ ಶ್ರುತಿ, ಹಾಗಾಗಿ ನಮ್ಮೆಲ್ಲರದೂ ಐದೂವರೆ ಮನೆ. ಒಂದು ಮನೆ ಇಳಿಸಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ. ನಾನು ಉಪ್ಪಿನಕಾಯಿ ಬಿಟ್ಟೆ, ದನಿ ಸರಿಹೋಗಲಿಲ್ಲ, ಆಮೇಲೆ ಪಾಠವನ್ನೇ ಬಿಟ್ಟೆ. ಮೂವತ್ತು ವರ್ಷ ನನ್ನ ಗಂಟಲನ್ನು ನಾನೇ ಹಾಳುಮಾಡಿಕೊಂಡೆ ಎಂದು ನಂಬಿದ್ದೆ. ಇಂದಿನ ಹುಡುಗಿಯರಿಗೆ ಎಸ್. ಜಾನಕಿಯ, ಶ್ರೇಯಾ ಘೋಷಾಲ್‌ರ ಎತ್ತರಗಳೇ ಗುರಿ. ಅದರ ಬದಲು ಬಿ. ಕೆ. ಸುಮಿತ್ರ ಹಾಡಿದ ಜನಪದ ಗೀತೆಗಳನ್ನು ಒಂದೆರಡು ವರ್ಷ ಹಾಡಿಕೊಂಡಿರಲಿ, ಏನೂ ನಷ್ಟವಿಲ್ಲ.

ಸೋದರಳಿಯನನ್ನು ಮತ್ತೆ ಹಾಡಿಸಲು ನಾನು ಬುದ್ಧಿ ಹೇಳಲಿಲ್ಲ. ಹೇಳಿದ್ದರೆ ಹಾಡುತ್ತಲೂ ಇರಲಿಲ್ಲ. ಒಂದು ಆಷಾಢದ ಸಂಜೆ, ಕರೆಂಟು ಹೋಗಿತ್ತು, “ನಿನ್ನ ಗಂಟಲು ಈಗ ಎಲ್ಲಿದೆ ಅಂತ ಹುಡುಕೋಣ್ವೇನೋ?” ಎಂದೆ. ಅದು ಹಾಡಿನ ಮಾತಲ್ಲ, ಲೆಕ್ಕದ ಮಾತು. ಹುಡುಗನಿಗೆ ಲೆಕ್ಕ ಇಷ್ಟ. ಒಂದು, ಎರಡು, ಮೂರು ಎಂದು ಮಾಮೂಲಾಗಿ ಎಣಿಸು ಎಂದೆ. ಎಣಿಸುವ ದನಿ ಹಾರ್ಮೋನಿಯಂನ ಯಾವ ಪಟ್ಟಿಗೆ ಕೂರುತ್ತದೆಂದು ನೋಡಿದೆವು. ಮಾತಾಡುವ ದನಿ ಸಾಮಾನ್ಯವಾಗಿ ಹಾಡಬಲ್ಲ ಕೆಳಗಿನ ತುದಿಗೆ ಹತ್ತಿರವಿರುತ್ತದೆ. ಅಲ್ಲಿಂದ ಒಂದೊಂದೇ ಪಟ್ಟಿ ಏರುತ್ತಾ ಎಲ್ಲಿ ಒಡೆಯುತ್ತದೋ ಅಲ್ಲಿಗೆ ಸುಣ್ಣದ ಗುರುತು ಹಾಕಿದ. ನಡುವೆ ಉಳಿದದ್ದು ಹತ್ತು ಪಟ್ಟಿ. “ಇಷ್ಟೇನಾ?” ಎಂದ. “ಸದ್ಯಕ್ಕೆ ಇಷ್ಟೇ” ಎಂದೆ. ನಗುವಿನ ಹಾಡಿಗೆ ಕೈ ಹಾಕಿದೆವು. ಇಳಿಸಬೇಕೆಂದುಕೊಂಡಿದ್ದೆ, ಇಳಿಸಿದರೆ ಕೆಳಗಿನ ಸ್ವರಗಳೇ ಮಾಯ. ಕೊನೆಗೆ ಎರಡು ಮೆಟ್ಟಿಲು ಏರಿಸಿದಾಗ ಹತ್ತು ಪಟ್ಟಿಯೊಳಗೆ ಹಾಡಿನ ಬಹುಪಾಲು ಕುಳಿತುಕೊಂಡಿತು. ಉಳಿದ ಒಂದು ಸಾಲನ್ನು ಮೇಲೆ ಹೋಗದೆ ಅಲ್ಲೇ ತಿರುಗಿಸಿ ಹಾಡಿಕೊಂಡ. ಮೂಲ ಹಾಡಿಗೆ ಹೋಲಿಕೆ, ಸೊನ್ನೆ.

ಆ ನಾಲ್ಕನೆಯ ಕಲಂ ತೆಗೆಸಲು ಸಮಿತಿಯವರೊಂದಿಗೆ ನಾನು ಮಾಡಿದ ವಾದ ಇನ್ನೊಂದು ಪ್ರಬಂಧಕ್ಕಾಗುವಷ್ಟಿದೆ. ಪೂರ್ತಿ ತೆಗೆಯಲಿಲ್ಲ. ಹದಿನಾರರ ಕೆಳಗಿನವರಿಗೆ ಬೇಡ ಎಂದು ಒಪ್ಪಿದರು.

ಆಷಾಢದಲ್ಲಿ ಹಿಡಿದ ಲೆಕ್ಕ ಭಾದ್ರಪದಕ್ಕೆ ಉಳಿಯಲಿಲ್ಲ. ಹಬ್ಬದ ಹಿಂದಿನ ದಿನ ಹಾಡಿನೋಡಿದರೆ ದನಿ ಮತ್ತೆ ಕೆಳಗಿಳಿದಿತ್ತು. ಏರಿಸಿದ ಎರಡರಲ್ಲಿ ಒಂದು ಇಳಿಸಿದೆವು. ಪೆಂಡಾಲಿನಲ್ಲಿ ಹಾಡಿದ. ಸೋದರಳಿಯನೆಂದು ಅಂಕ ಹಾಕದೆ ನಾನು ಪೆನ್ನು ಪಕ್ಕದವರಿಗೆ ಕೊಟ್ಟಿದ್ದೆ. ಎರಡನೆಯ ಚರಣದಲ್ಲಿ ಒಮ್ಮೆ ಬಿರುಕು ಬಿಟ್ಟಿತು, ಹಿಂದಿನ ಸಾಲಿನಿಂದ ಒಂದು ಕಿಸಕ್ಕೆಂದ ಸದ್ದೂ ಬಂತು. ಅವನು ಆ ಕಡೆ ನೋಡಲಿಲ್ಲ, ಮುಂದಿನ ಸಾಲು ಹಿಡಿದ. ಬಹುಮಾನ ಬರಲಿಲ್ಲ. ಪಂಚಕಜ್ಜಾಯದ ದೊನ್ನೆ ಹಿಡಿದು ನನ್ನ ಪಕ್ಕ ಬಂದು ಕುಳಿತವನೇ, “ಅತ್ತೆ, ಏರಿಸಿದ್ದು ಇನ್ನೂ ಒಂದು ಜಾಸ್ತಿಯಾಯ್ತು. ಪೂರ್ತಿ ಇಳಿಸಿಬಿಡಬೇಕಿತ್ತು” ಎಂದ. ಆಮೇಲೆ ಅತ್ತ ಕಡೆ ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದ ಅವನಪ್ಪನನ್ನು ನೋಡಿ, “ಅಪ್ಪಂದು ಎಷ್ಟು ಪಟ್ಟಿ ಇರಬಹುದು?” ಎಂದು ಕೇಳಿದ.

“ನೀನೇ ಹೋಗಿ ಎಣಿಸೋಕೆ ಹೇಳು” ಎಂದೆ.